ಹುಬ್ಬಳ್ಳಿಯಿಂದ ಕುದುರೆಮುಖ ಶಿಖರಕ್ಕೆ: ಬಯಲುನಾಡಿನ ಕಾಲುಗಳಿಗೊಂದು ಸಮಗ್ರ ಮಾರ್ಗದರ್ಶಿ

ಮೊದಲ ಸಲ ಹೋದಾಗ ನಾನು ಕುದುರೆಮುಖದ ತುದಿ ಮುಟ್ಟಲಿಲ್ಲ. ಮಧ್ಯಾಹ್ನ ಒಂದೂವರೆ. ಶಿಖರ ಕಣ್ಣೆದುರಿಗೇ ಇತ್ತು, ಹೆಚ್ಚೆಂದರೆ ಮುಕ್ಕಾಲು ತಾಸಿನ ದಾರಿ. ಜೊತೆಗಿದ್ದ ಗೈಡ್ ಕೈಗಡಿಯಾರ ನೋಡಿ ‘ಇಲ್ಲಿಂದ ತಿರುಗೋಣ’ ಅಂದ. ನಾವು ಐವರು ಹುಬ್ಬಳ್ಳಿಯವರು. ವಾದಿಸಿದೆವು, ಮುಖ ಗಂಟಿಕ್ಕಿದೆವು, ಕೊನೆಗೆ ತಿರುಗಿದೆವು. ಇಳಿಯುವಾಗ ಒಬ್ಬನ ಮೊಣಕಾಲು ಕೈಕೊಟ್ಟಿತು. ಚಾರಣ ಶುರುವಾಗುವ ಊರಾದ ಮುಳ್ಳೋಡಿಯ ಮೊದಲ ಮನೆ ಕಂಡಾಗ ಆಗಲೇ ಮಬ್ಬುಗತ್ತಲೆ. ಆ ಮುಕ್ಕಾಲು ತಾಸು ಮೇಲಕ್ಕೆ ನಡೆದಿದ್ದರೆ ಕೊನೆಯ ಹಳ್ಳಗಳನ್ನು ಕತ್ತಲಲ್ಲಿ ದಾಟಬೇಕಾಗುತ್ತಿತ್ತು.

ಅಂದಿನಿಂದ ಹೊಸಬರು ಯಾರು ಕೇಳಿದರೂ ಒಂದೇ ಮಾತು ಹೇಳುತ್ತೇನೆ. ಕುದುರೆಮುಖ ಭಾರೀ ಕಡಿದಾದ ಗುಡ್ಡವಲ್ಲ, ಭಾರೀ ಉದ್ದದ ಗುಡ್ಡ. ಮುಳ್ಳೋಡಿಯಿಂದ ಹೋಗಿ ಬರಲು ಇಪ್ಪತ್ತು ಕಿಲೋಮೀಟರ್ ಆಸುಪಾಸು, ಒಂದೇ ಹಗಲಿನಲ್ಲಿ ಮುಗಿಯಬೇಕು. ಮೇಲೆ ಟೆಂಟ್ ಹಾಕಿ ಮಲಗಲು ಅನುಮತಿ ಇಲ್ಲ. ಆದ್ದರಿಂದ ಮುಂದೆ ಬರೆದಿರುವ ಬಹುಪಾಲು ಸಲಹೆಗಳು ಸಮಯ ಉಳಿಸುವುದಕ್ಕೆ ಸಂಬಂಧಿಸಿದವು.

ಮೊದಲು ಗುಡ್ಡದ ಪರಿಚಯ

ಶಿಖರದ ಎತ್ತರ ಸಮುದ್ರಮಟ್ಟದಿಂದ ಸುಮಾರು 1,890 ಮೀಟರ್. ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿಗಿಂತ ನಲವತ್ತು ಮೀಟರ್ ಕಡಿಮೆ ಅಷ್ಟೇ. ಆದರೆ ಮುಳ್ಳಯ್ಯನಗಿರಿಗೆ ಗಾಡಿಯಲ್ಲಿ ಹೋಗಿ ಮೆಟ್ಟಿಲು ಹತ್ತಿದರೆ ಮುಗಿಯಿತು. ಆ ಲೆಕ್ಕ ಇಟ್ಟುಕೊಂಡು ಇಲ್ಲಿಗೆ ಬಂದವರು ಮಧ್ಯದಾರಿಯಲ್ಲೇ ಕೂತುಬಿಡುತ್ತಾರೆ.

ಇದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗುಡ್ಡ. 1987ರಲ್ಲಿ ಘೋಷಣೆಯಾದ ಈ ಉದ್ಯಾನದ ವಿಸ್ತಾರ ಸುಮಾರು 600 ಚದರ ಕಿಲೋಮೀಟರ್. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಈ ಮೂರು ಜಿಲ್ಲೆಗಳಿಗೂ ಅದು ಚಾಚಿಕೊಂಡಿದೆ. ಶಿಖರ ನಿಂತಿರುವುದು ಘಟ್ಟದ ಅಂಚಿನಲ್ಲಿ. ಪೂರ್ವದ ಕಡೆ ಕಳಸ, ಸಂಸೆಯ ಕಾಫಿ ತೋಟಗಳು. ಪಶ್ಚಿಮಕ್ಕೆ ನೆಲ ಒಮ್ಮೆಲೇ ಕುಸಿದು ಬೆಳ್ತಂಗಡಿ ಸೀಮೆಗೆ ಇಳಿಯುತ್ತದೆ. ಆ ಕಡೆಯಿಂದ ನೋಡಿದರೆ ಕುದುರೆಯ ಮುಖದ ಹಾಗೆ ಕಾಣುತ್ತದೆಂದು ಈ ಹೆಸರು. ಸಂಸೆ ಊರಿನ ಮೂಲಕ ಹತ್ತುತ್ತಿದ್ದ ಕಾರಣ ಹಿಂದೆ ಸಂಸೆಪರ್ವತ ಎಂದೂ ಕರೆಯುತ್ತಿದ್ದರು.

ನಮ್ಮಲ್ಲಿ ಹಿರಿಯರಿಗೆ ಕುದುರೆಮುಖ ಅಂದರೆ ಇವತ್ತಿಗೂ ಕಬ್ಬಿಣದ ಅದಿರು. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಇಲ್ಲಿಂದ ಅದಿರನ್ನು ನೀರಿನಲ್ಲಿ ಕಲಸಿ, ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿತ್ತು. ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಆ ಗಣಿ ಪಟ್ಟಣದ ಹೆಸರೂ ಕುದುರೆಮುಖವೇ. ಇಲ್ಲಿ ಒಂದು ಗೊಂದಲ ಕಾದಿದೆ: ಮೊಬೈಲ್ ನಕ್ಷೆಯಲ್ಲಿ ಬರೀ ‘ಕುದುರೆಮುಖ’ ಎಂದು ಹಾಕಿದರೆ ಅದು ನಿಮ್ಮನ್ನು ಖಾಲಿ ಕ್ವಾರ್ಟರ್ಸ್‌ಗಳ ಊರಿಗೆ ಒಯ್ಯಬಹುದು. ಚಾರಣ ಶುರುವಾಗುವುದು ಅಲ್ಲಲ್ಲ, ಸಂಸೆ ಹತ್ತಿರದ ಬಾಳೆಗಲ್‌ನಿಂದ ಒಳಗಿರುವ ಮುಳ್ಳೋಡಿಯಲ್ಲಿ.

ಯಾವಾಗ ಹೋಗಬೇಕು

ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ. ಹುಲ್ಲು ಇನ್ನೂ ಹಸಿರಾಗಿರುತ್ತದೆ, ಹಳ್ಳದಲ್ಲಿ ನೀರಿರುತ್ತದೆ, ಆಕಾಶ ಆಗೀಗ ತೆರೆಯುತ್ತದೆ.

ಜೂನ್‌ನಿಂದ ಆಗಸ್ಟ್‌ವರೆಗಿನ ಚಿತ್ರಗಳು ಮೊಬೈಲ್‌ನಲ್ಲಿ ಚೆಂದ. ಆದರೆ ಇಲ್ಲಿ ವರ್ಷಕ್ಕೆ ಸುರಿಯುವ ಮಳೆ ಹಲವು ಸಾವಿರ ಮಿಲಿಮೀಟರ್. ಧಾರವಾಡದ ಜಿಟಿಜಿಟಿ ಮಳೆಯನ್ನೇ ಮಳೆ ಅಂದುಕೊಂಡ ನಮ್ಮಂಥವರು ಮೊದಲ ಚಾರಣಕ್ಕೆ ಈ ತಿಂಗಳು ಆರಿಸದಿರುವುದು ಲೇಸು. ಜೋರು ಮಳೆಯ ದಿನಗಳಲ್ಲಿ ಅರಣ್ಯ ಇಲಾಖೆಯೂ ದಾರಿ ಮುಚ್ಚುವುದುಂಟು. ಬೇಸಿಗೆಯಲ್ಲಿ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯ, ಆಗಲೂ ಸಾಮಾನ್ಯವಾಗಿ ಬಂದ್. ಏಪ್ರಿಲ್-ಮೇ ರಜೆಯಲ್ಲಿ ಮಕ್ಕಳನ್ನು ಕರೆದೊಯ್ಯುವ ಯೋಜನೆ ಇದ್ದರೆ ಅದನ್ನು ದಸರೆ ರಜೆಗೆ ಬದಲಿಸಿ.

ಶನಿವಾರ, ಭಾನುವಾರ ಬಿಟ್ಟು ಮಂಗಳವಾರವೋ ಬುಧವಾರವೋ ಹೋಗಲು ಸಾಧ್ಯವಾದರೆ ಅಂಗಡಿ ಒಂದು ದಿನ ಮುಚ್ಚಿದರೂ ಲಾಭವೇ. ವಾರಾಂತ್ಯಕ್ಕೆ ಬೆಂಗಳೂರೇ ಅಲ್ಲಿರುತ್ತದೆ.

ಟಿಕೆಟ್

ಹಿಂದೆ ಊರಿಗೆ ಹೋಗಿ, ಸಂಸೆ ಕಡೆಯ ಅರಣ್ಯ ಕಚೇರಿಯಲ್ಲಿ ಹಣ ಕಟ್ಟಿ ಚೀಟಿ ತೆಗೆದುಕೊಂಡರೆ ಸಾಕಿತ್ತು. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತದಲ್ಲಿ ಸಾವಿರಾರು ಜನ ಒಮ್ಮೆಲೇ ನೆರೆದು ದೊಡ್ಡ ಸುದ್ದಿಯಾಯಿತು. ಆಮೇಲೆ ಆನ್‌ಲೈನ್ ಬುಕ್ಕಿಂಗ್ ಇಲ್ಲದ ಚಾರಣಗಳಿಗೆ ಸರಕಾರ ತಡೆ ಹಾಕಿತು. ಈಗ ‘ಅರಣ್ಯ ವಿಹಾರ’ ಎಂಬ ಇಲಾಖೆಯ ಜಾಲತಾಣದಲ್ಲೇ ಬುಕ್ ಮಾಡಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. ಒಂದು ಮೊಬೈಲ್ ಸಂಖ್ಯೆಯಿಂದ ತೆಗೆಯಬಹುದಾದ ಟಿಕೆಟ್‌ಗೂ ಮಿತಿ ಇದೆ, ಹಾಗಾಗಿ ದೊಡ್ಡ ಗುಂಪಾದರೆ ಇಬ್ಬರು ಮೂವರು ಒಟ್ಟಿಗೇ ಕೂತು ಬುಕ್ ಮಾಡಿ.

ಮಾಡಬೇಕಾದ ಕೆಲಸದ ಕ್ರಮ ಹೀಗಿರಲಿ: ಮೊದಲು ಟಿಕೆಟ್, ಆಮೇಲೆ ಹೋಮ್‌ಸ್ಟೇ, ಅದಾದ ಮೇಲೆ ಗಾಡಿ. ನಮ್ಮವರು ಸಾಮಾನ್ಯವಾಗಿ ಉಲ್ಟಾ ಮಾಡುತ್ತಾರೆ. ಟ್ರ್ಯಾಕ್ಸ್ ಬಾಡಿಗೆಗೆ ಅಡ್ವಾನ್ಸ್ ಕೊಟ್ಟು, ಹನ್ನೊಂದು ಜನರಿಗೆ ಹೇಳಿ, ಕೊನೆಗೆ ಟಿಕೆಟ್ ನೋಡಲು ಹೋಗುತ್ತಾರೆ. ಟಿಕೆಟ್‌ನಲ್ಲಿ ನಮೂದಿಸಿದ ಗುರುತಿನ ಚೀಟಿಯನ್ನೇ ಒಯ್ಯಬೇಕು. ಟಿಕೆಟ್ಟನ್ನು ಕಾಗದದಲ್ಲಿ ಮುದ್ರಿಸಿಕೊಳ್ಳಿ. ಬಾಳೆಗಲ್ ದಾಟಿದ ಮೇಲೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ.

ಆರು ವಾರದ ತಯಾರಿ, ಊರಲ್ಲೇ

ಈ ಭಾಗಕ್ಕೆ ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಇದನ್ನೇ ಜನ ಹಾರಿಸಿಬಿಡುವುದು.

ನಮ್ಮ ಸಮತಟ್ಟು ಎರೆನೆಲದಲ್ಲಿ ದಿನಾ ಐದು ಕಿಲೋಮೀಟರ್ ವಾಕಿಂಗ್ ಮಾಡುವವರಿಗೆ ತಾವು ಗಟ್ಟಿ ಎಂಬ ಧೈರ್ಯವಿರುತ್ತದೆ. ಉಸಿರು ಗಟ್ಟಿಯಿರುತ್ತದೆ, ನಿಜ. ತೊಡೆಯ ಮುಂಭಾಗದ ಸ್ನಾಯು ಮಾತ್ರ ಇಳಿಜಾರು ಕಂಡಿರುವುದಿಲ್ಲ. ಇಳಿಯುವಾಗ ಇಡೀ ಮೈಭಾರವನ್ನು ತಡೆದು ಹಿಡಿಯುವುದು ಆ ಸ್ನಾಯು. ಅದು ದಣಿದರೆ ಭಾರವೆಲ್ಲ ಮೊಣಕಾಲಿಗೆ. ಕುದುರೆಮುಖದಲ್ಲಿ ನೀವು ಸುಮಾರು ಒಂಬೈನೂರು ಮೀಟರ್ ಏರಿ, ಅಷ್ಟನ್ನೂ ಅದೇ ದಿನ ಇಳಿಯುತ್ತೀರಿ. ಇಳಿಯುವುದನ್ನೇ ಅಭ್ಯಾಸ ಮಾಡಬೇಕು.

ಮೊದಲ ಎರಡು ವಾರ ಹುಬ್ಬಳ್ಳಿಯ ನೃಪತುಂಗ ಬೆಟ್ಟ. ಬೆಳಿಗ್ಗೆ ಆರಕ್ಕೆ ಬುಡದಿಂದ ನಡೆದೇ ಹತ್ತಿ, ನಡೆದೇ ಇಳಿಯಿರಿ. ಗಾಡಿಯಲ್ಲಿ ಮೇಲೆ ಹೋಗಿ ಚಹಾ ಕುಡಿದು ಬಂದರೆ ಲೆಕ್ಕಕ್ಕಿಲ್ಲ. ಒಂದು ಸುತ್ತಿನಿಂದ ಶುರುಮಾಡಿ ಮೂರು ಸುತ್ತಿಗೆ ಬನ್ನಿ. ಧಾರವಾಡದವರಿಗೆ ಕರ್ನಾಟಕ ವಿಶ್ವವಿದ್ಯಾಲಯದ ಆವರಣದ ಏರಿಳಿತಗಳಿವೆ, ಅಲ್ಲಿಯ ಬೆಳಗಿನ ಗಾಳಿಯೂ ಸೇರಿ ನಮಗಿಂತ ಪುಣ್ಯವಂತರು. ಹಾವೇರಿ, ರಾಣೆಬೆನ್ನೂರಿನ ಗೆಳೆಯರು ಗುಡ್ಡವಿಲ್ಲ ಎಂದು ನೆಪ ಹೇಳುತ್ತಾರೆ. ನಾಲ್ಕು ಮಹಡಿಯ ಯಾವುದಾದರೂ ಕಟ್ಟಡದ ಮೆಟ್ಟಿಲು ಸಾಕು. ಹತ್ತುವುದಕ್ಕಿಂತ ನಿಧಾನವಾಗಿ, ಕಾಲು ಧಪ್ ಎನ್ನಿಸದೆ ಇಳಿಯಬೇಕು.

ಮೂರು, ನಾಲ್ಕನೇ ವಾರ ಬೆನ್ನಿಗೆ ಚೀಲ ಸೇರಿಸಿ. ಒಳಗೆ ಮೂರು ಲೀಟರ್ ನೀರಿನ ಬಾಟಲಿಗಳು ಮತ್ತು ಒಂದು ಜೋಡಿ ಬಟ್ಟೆ. ಅಂದು ಹಾಕುವ ಬೂಟನ್ನೇ ಈಗಿನಿಂದ ಹಾಕಿ. ಹೊಸ ಬೂಟು ಗುಡ್ಡದಲ್ಲಿ ಕಚ್ಚಿದರೆ ಮದ್ದಿಲ್ಲ.

ಐದನೇ ವಾರದಲ್ಲಿ ಒಂದು ಇಡೀ ದಿನದ ತಾಲೀಮು. ಇದಕ್ಕೆ ಗದಗಿನ ಕಪ್ಪತಗುಡ್ಡಕ್ಕಿಂತ ಒಳ್ಳೆ ಜಾಗ ನಮ್ಮ ಸುತ್ತ ಇಲ್ಲ. 2019ರಲ್ಲಿ ವನ್ಯಜೀವಿ ಧಾಮವಾದ ಈ ಗುಡ್ಡಸಾಲು ಗದಗ, ಮುಂಡರಗಿ, ಶಿರಹಟ್ಟಿ ಸೀಮೆಗೆ ಹಬ್ಬಿದೆ. ಔಷಧಿ ಸಸ್ಯಗಳಿಗೆ ಹೆಸರುವಾಸಿ. ಗಾಳಿಗುಂಡಿ ಬಸವಣ್ಣನ ಕಡೆ ನಿಂತರೆ ಆ ಗಾಳಿಗೆ ಟೋಪಿ ನಿಲ್ಲುವುದಿಲ್ಲ. ಡೋಣಿ ಕಡೆಯಿಂದ ಹೋಗಿ, ಅರಣ್ಯ ಸಿಬ್ಬಂದಿಯನ್ನು ಮೊದಲೇ ಕೇಳಿ, ಬಿಟ್ಟ ದಾರಿಯಲ್ಲೇ ಐದಾರು ತಾಸು ನಡೆಯಿರಿ. ಕಪ್ಪತಗುಡ್ಡ ಒಣಗುಡ್ಡ, ಕುದುರೆಮುಖ ಒದ್ದೆಗುಡ್ಡ, ಎರಡಕ್ಕೂ ಹೋಲಿಕೆ ಇಲ್ಲ ಎನ್ನುವವರಿದ್ದಾರೆ. ನೆಲಕ್ಕೆ ಹೋಲಿಕೆ ಇಲ್ಲ, ಒಪ್ಪುತ್ತೇನೆ. ಆದರೆ ಆರನೇ ತಾಸಿನಲ್ಲಿ ನಿಮ್ಮ ಗುಂಪಿನಲ್ಲಿ ಯಾರು ಸುಮ್ಮನಾಗುತ್ತಾರೆ, ಯಾರು ಸಿಡುಕುತ್ತಾರೆ, ಯಾರ ಹಿಮ್ಮಡಿ ಸುಲಿಯುತ್ತದೆ ಎಂಬುದು ಅಲ್ಲೇ ಗೊತ್ತಾಗಿಬಿಡುತ್ತದೆ.

ಆರನೇ ವಾರ ವಿಶ್ರಾಂತಿ. ಸುಮ್ಮನೆ ಉಣಕಲ್ ಕೆರೆ ದಂಡೆಯಲ್ಲಿ ಅಡ್ಡಾಡಿ.

ಚೀಲದಲ್ಲಿ ಏನಿರಬೇಕು

ನೀರು ಎರಡೂವರೆ ಲೀಟರ್. ದಾರಿಯಲ್ಲಿ ಹಳ್ಳಗಳಿವೆ, ಆದರೆ ಕೊನೆಯ ಏರಿನಲ್ಲಿ ನೀರು ನೆಚ್ಚಿಕೊಳ್ಳಬೇಡಿ. ಮಳೆ ಅಂಗಿ ಬೇಕೇ ಬೇಕು, ಛತ್ರಿ ಗಾಳಿಗೆ ಉಳಿಯದು. ಜೀನ್ಸ್ ಪ್ಯಾಂಟ್ ಮನೆಯಲ್ಲೇ ಇರಲಿ: ಒದ್ದೆಯಾದರೆ ಎರಡು ಕೆ.ಜಿ. ತೂಗುತ್ತದೆ, ಒಣಗುವುದಿಲ್ಲ. ತಲೆಗೆ ಕಟ್ಟುವ ಟಾರ್ಚ್ ಪ್ರತಿಯೊಬ್ಬರಿಗೂ ಒಂದು. ಒಂದು ಜೊತೆ ಒಣ ಕಾಲುಚೀಲ, ಒಂದು ಒಣ ಬನಿಯನ್, ಎರಡನ್ನೂ ಗಟ್ಟಿ ಚೀಲದಲ್ಲಿ ಸುತ್ತಿಡಿ. ಬಿಸಾಡುವ ಪ್ಲಾಸ್ಟಿಕ್ ಗೇಟಿನಲ್ಲೇ ತಪಾಸಣೆಗೆ ಸಿಕ್ಕುತ್ತದೆ, ಹಾಗಾಗಿ ಚಿಪ್ಸ್ ಪೊಟ್ಟಣ ಬೇಡ.

ಊಟದ ವಿಷಯಕ್ಕೆ ಬಂದರೆ ನಮ್ಮವರು ಖಡಕ್ ರೊಟ್ಟಿಯನ್ನೇ ನೆಚ್ಚುತ್ತಾರೆ. ಆರು ತಿಂಗಳಾದರೂ ಕೆಡದ ರೊಟ್ಟಿ ಅಲ್ಲಿಯ ಗಾಳಿಯಲ್ಲಿ ಒಂದೇ ರಾತ್ರಿಗೆ ತೇವ ಹೀರಿ ಚರ್ಮದ ಹಾಗೆ ಎಳೆಯತೊಡಗುತ್ತದೆ. ಮುಚ್ಚಳ ಬಿಗಿಯಾಗಿರುವ ಸ್ಟೀಲ್ ಡಬ್ಬಿ ಇದ್ದರೆ ಮಾತ್ರ ಒಯ್ಯಿರಿ. ಅದಕ್ಕಿಂತ ಶೇಂಗಾ ಹೋಳಿಗೆ ಉತ್ತಮ. ಕೆಡುವುದಿಲ್ಲ, ನಡೆಯುತ್ತಲೇ ತಿನ್ನಬಹುದು, ಒಂದು ಹೋಳಿಗೆಗೆ ಒಂದು ತಾಸು ಕಾಲು ಎಳೆಯುತ್ತದೆ. ಜೊತೆಗೆ ಶೇಂಗಾ ಉಂಡಿ, ಉಪ್ಪು-ಸಕ್ಕರೆ ಬೆರೆಸಿದ ಲಿಂಬೆರಸ. ಮಧ್ಯಾಹ್ನದ ಬುತ್ತಿಯನ್ನು ಹೋಮ್‌ಸ್ಟೇಯವರೇ ಕಟ್ಟಿಕೊಡುತ್ತಾರೆ.

ಹೋಗುವ ದಾರಿ

ಗಾಡಿಯಾದರೆ ಹೆದ್ದಾರಿ ಹಿಡಿದು ಹಾವೇರಿ, ರಾಣೆಬೆನ್ನೂರು, ಹರಿಹರ, ಅಲ್ಲಿಂದ ಹೊನ್ನಾಳಿ ಮೇಲೆ ಶಿವಮೊಗ್ಗ, ತೀರ್ಥಹಳ್ಳಿ, ಕೊಪ್ಪ, ಜಯಪುರ, ಕಳಸ. ಮುನ್ನೂರು ಕಿಲೋಮೀಟರ್ ದಾಟುತ್ತದೆ. ಶಿವಮೊಗ್ಗದವರೆಗೆ ಬೇಗ ಸಾಗುತ್ತದೆ, ಆಮೇಲೆ ತಿರುವು. ನಿಲುಗಡೆ ಸೇರಿ ಎಂಟೊಂಬತ್ತು ತಾಸು ಹಿಡಿದುಕೊಳ್ಳಿ. ಗಾಜನೂರಿನ ಬಳಿ ಸಕ್ರೆಬೈಲಿನ ಆನೆ ಬಿಡಾರ ನೋಡಿಯೇ ಬಿಡೋಣ ಎನ್ನುವವರು ಗುಂಪಿಗೊಬ್ಬರಿರುತ್ತಾರೆ. ಅದನ್ನು ವಾಪಸ್ ಬರುವಾಗ ಇಟ್ಟುಕೊಳ್ಳಿ.

ರೈಲು ಇಷ್ಟವಾದರೆ ಬೆಂಗಳೂರು ಕಡೆಯ ರಾತ್ರಿ ಗಾಡಿಯಲ್ಲಿ ಕಡೂರಿಗೆ ಇಳಿದು, ಬಸ್ಸಿನಲ್ಲಿ ಚಿಕ್ಕಮಗಳೂರು, ಅಲ್ಲಿಂದ ಕಳಸ. ನಿದ್ದೆ ಹಾಳು, ಖರ್ಚು ಕಡಿಮೆ.

ಎರಡರಲ್ಲಿ ಯಾವುದಾದರೂ ಸರಿ, ಚಾರಣದ ಹಿಂದಿನ ಸಂಜೆಯೇ ಮುಳ್ಳೋಡಿ ಅಥವಾ ಬಾಳೆಗಲ್ ತಲುಪಿರಬೇಕು. ರಾತ್ರಿಯಿಡೀ ಗಾಡಿ ಓಡಿಸಿ, ಬೆಳಿಗ್ಗೆ ಮುಖ ತೊಳೆದು ನೇರ ಗುಡ್ಡ ಹತ್ತುವ ‘ಒಂದೇ ರಜೆಯ’ ಯೋಜನೆ ನಮ್ಮ ಮೊದಲ ಪ್ರಯತ್ನದ್ದು. ಏನಾಯಿತೆಂದು ಆಗಲೇ ಹೇಳಿದೆ.

ಕಳಸದಲ್ಲಿ ಎಟಿಎಂನಿಂದ ಚಿಲ್ಲರೆ ನೋಟು ತೆಗೆದುಕೊಳ್ಳಿ. ಬಾಳೆಗಲ್‌ನಿಂದ ಮುಳ್ಳೋಡಿಗೆ ಆರೇಳು ಕಿಲೋಮೀಟರ್ ಕಲ್ಲುದಾರಿ. ನಮ್ಮ ಕಾರು ಅಲ್ಲಿಗಲ್ಲ, ಸ್ಥಳೀಯರ ಜೀಪು ಮಾಡಬೇಕು. ಜೀಪಿನ ದರ, ಹೊರಡುವ ಹೊತ್ತು, ಸಂಜೆ ವಾಪಸ್ ಕರೆದೊಯ್ಯುವುದು ಈ ಮೂರನ್ನೂ ಫೋನಿನಲ್ಲೇ ಮಾತಾಡಿ ಮುಗಿಸಿ. ಉದ್ಯಾನದೊಳಗಿನ ರಸ್ತೆಯಲ್ಲಿ ಸಿಕ್ಕಸಿಕ್ಕಲ್ಲಿ ನಿಲ್ಲಿಸಿ ಬುತ್ತಿ ಬಿಚ್ಚುವಂತಿಲ್ಲ, ಚೆಕ್‌ಪೋಸ್ಟ್‌ನವರು ಹೊತ್ತು ಬರೆದುಕೊಳ್ಳುತ್ತಾರೆ.

ಆ ದಿನ

ಬೆಳಿಗ್ಗೆ ಐದಕ್ಕೆ ಏಳಿ, ಆರಕ್ಕೆಲ್ಲ ಗೇಟಿನ ಮುಂದೆ ನಿಂತಿರಿ. ಸಾಲಿನಲ್ಲಿ ಮೊದಲಿದ್ದವರಿಗೂ ಕೊನೆಯವರಿಗೂ ತಾಸಿನ ಅಂತರ ಬೀಳುತ್ತದೆ.

ಮೊದಲ ಎರಡು ತಾಸು ಮೋಸದ ದಾರಿ. ಗದ್ದೆ, ಮನೆ, ಕಾಡಂಚು, ಹಳ್ಳ. ಏರು ಹೆಚ್ಚಿಲ್ಲ, ಎಲ್ಲರೂ ಹುರುಪಿನಲ್ಲಿರುತ್ತಾರೆ, ಪ್ರತಿ ಹಳ್ಳದಲ್ಲೂ ಕಾಲು ಇಳಿಬಿಟ್ಟು ಫೋಟೊ. ಇಲ್ಲಿ ಕಳೆದ ಅರ್ಧ ತಾಸನ್ನೇ ಮಧ್ಯಾಹ್ನ ಗುಡ್ಡ ಬಡ್ಡಿ ಸಮೇತ ಕೇಳುವುದು. ಹಳ್ಳ ದಾಟುವಾಗ ಪಾಚಿ ಹಿಡಿದ ಕಲ್ಲಿನ ಮೇಲೆ ಹೆಜ್ಜೆ ಬೇಡ. ಬೂಟು ಒದ್ದೆಯಾದರೂ ಸರಿ, ನೀರಿನೊಳಗಿನ ಮರಳು ನೆಲಕ್ಕೇ ಕಾಲಿಡಿ.

ಒಂಟಿಮರ ಎಂಬ ಜಾಗ ಬರುತ್ತದೆ. ಹೆಸರೇ ಹೇಳುವಂತೆ ಬಯಲಲ್ಲಿ ಒಂದೇ ಮರ. ಇದನ್ನು ಒಂಬತ್ತರೊಳಗೆ ದಾಟಿದರೆ ನಿಮ್ಮ ದಿನ ಚೆನ್ನಾಗಿದೆ. ಇಲ್ಲಿಂದ ಮುಂದೆ ಹುಲ್ಲುಗಾವಲು, ಮಡಿಕೆ ಮಡಿಕೆಯಾದ ಗುಡ್ಡಗಳು, ಆ ಮಡಿಕೆಗಳ ಕಣಿವೆಯಲ್ಲಿ ಮಾತ್ರ ಒತ್ತಾಗಿ ಕೂತ ಕುಳ್ಳ ಕಾಡು. ಇದೇ ಶೋಲಾ. ಹುಲ್ಲು ಮಳೆನೀರನ್ನು ಹೀರಿ ಹಿಡಿಯುತ್ತದೆ, ಶೋಲಾ ಅದನ್ನು ನಿಧಾನಕ್ಕೆ ಹಳ್ಳಕ್ಕೆ ಬಿಡುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲ ಇದೇ ಉದ್ಯಾನದಲ್ಲಿದೆ. ಹರಿಹರದ ಸೇತುವೆ ಮೇಲೆ ನಾವು ದಾಟಿ ಬಂದ ತುಂಗಭದ್ರೆಯ ನೀರು ಇಂಥ ಹುಲ್ಲಿನ ಬುಡದ್ದು. ಮುಂಡರಗಿ ಕಡೆಯ ನಮ್ಮ ಗೆಳೆಯನೊಬ್ಬ ಇದನ್ನು ಕೇಳಿ ಒಂಟಿಮರದ ಬಳಿ ಸುಮಾರು ಹೊತ್ತು ಮಾತೇ ಆಡಲಿಲ್ಲ. ಅವನ ಹೊಲಕ್ಕೆ ಬರುವುದು ಅದೇ ನೀರು.

ಕೊನೆಯ ಎರಡು ಕಿಲೋಮೀಟರ್ ನಿಜವಾದ ಏರು. ಮಂಜು ಕವಿದರೆ ಮುಂದಿನವರು ಹತ್ತು ಮಾರು ದೂರದಲ್ಲೇ ಮಾಯ. ಗುಂಪು ಒಡೆಯಬೇಡಿ, ಅತಿ ನಿಧಾನದವರನ್ನು ಮುಂದೆ ಬಿಡಿ. ಹುಲ್ಲಿನಲ್ಲಿ ದನದ ಜಾಡು, ಕಾಟಿಯ (ಕಾಡುಕೋಣದ) ಜಾಡು, ಜನರ ಜಾಡು ಒಂದೇ ತರಹ ಕಾಣುತ್ತವೆ, ಗೈಡ್ ಇಲ್ಲದೆ ಅಡ್ಡದಾರಿ ಹಿಡಿಯುವ ಸಾಹಸ ಬೇಡ. ಅಕ್ಟೋಬರ್-ನವೆಂಬರ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಾಮಾನ್ಯ. ಬೋಳು ಏಣಿನ (ಗುಡ್ಡದ ಬೆನ್ನಿನ) ಮೇಲೆ ಅತಿ ಎತ್ತರದ ವಸ್ತು ನೀವೇ ಆಗಿರುತ್ತೀರಿ. ಮೊದಲ ಗುಡುಗು ಕೇಳಿದ ಕೂಡಲೇ ಏಣು ಬಿಟ್ಟು ಇಳಿಯಿರಿ, ಒಂಟಿಮರದ ಕೆಳಗೆ ಮಾತ್ರ ನಿಲ್ಲಬೇಡಿ.

ಈಗ ನಿಯಮ. ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದೀರೋ ಅಲ್ಲಿಂದ ತಿರುಗಬೇಕು. ಹುಬ್ಬಳ್ಳಿಯಲ್ಲಿ ಹೊರಡುವಾಗಲೇ ಎಲ್ಲರಿಂದ ಈ ಮಾತು ಪಡೆಯಿರಿ, ಮೇಲೆ ಹೋದ ಮೇಲೆ ಯಾರೂ ಕೇಳುವುದಿಲ್ಲ. ‘ಇನ್ನೊಂದ್ ಸ್ವಲ್ಪ ಐತ್ರಿ, ಬರ್ರಿ’ ಎನ್ನುವವನು ಪ್ರತಿ ಗುಂಪಿನಲ್ಲೂ ಇರುತ್ತಾನೆ. ನಮ್ಮಲ್ಲಿ ಅವನು ನಾನೇ ಆಗಿದ್ದೆ.

ತುದಿಯಲ್ಲಿ ಆಕಾಶ ತೆರೆದಿದ್ದರೆ ಪಶ್ಚಿಮಕ್ಕೆ ಕರಾವಳಿ, ಅದೃಷ್ಟವಿದ್ದರೆ ಸಮುದ್ರದ ಗೆರೆ. ನಾನು ಮೂರು ಸಲ ಹತ್ತಿ ಒಂದೇ ಸಲ ಕಂಡೆ. ಉಳಿದೆರಡು ಸಲ ಬಿಳಿ ಗೋಡೆ. ಅಂಚಿನ ಹುಲ್ಲು ಒದ್ದೆಯಿದ್ದಾಗ ಜಾರುತ್ತದೆ, ಫೋಟೊಗಾಗಿ ಹಿಂದಕ್ಕೆ ಹೆಜ್ಜೆ ಇಡಬೇಡಿ. ಅರ್ಧ ತಾಸಿಗಿಂತ ಹೆಚ್ಚು ಕೂರಬೇಡಿ, ಬೆವರಿದ ಮೈಗೆ ಆ ಗಾಳಿ ತಾಗಿದರೆ ನಡುಕ ಹುಟ್ಟುತ್ತದೆ. ಒಣ ಬನಿಯನ್ ಇಟ್ಟುಕೊಂಡದ್ದು ಈ ಹೊತ್ತಿಗೆ.

ಇಳಿಯುವಾಗ ಕೋಲು ಹಿಡಿಯಿರಿ, ಮೊಣಕಾಲು ಸ್ವಲ್ಪ ಮಡಿಸಿಯೇ ಇರಲಿ, ಹೆಜ್ಜೆ ಚಿಕ್ಕದಿರಲಿ. ಓಡಬೇಡಿ. ಬೆಳಿಗ್ಗೆ ಮೊಣಕಾಲುದ್ದ ಇದ್ದ ಹಳ್ಳ ಮೇಲೆ ಮಳೆಯಾದರೆ ಸಂಜೆ ಸೊಂಟದುದ್ದ ಆಗಿರಬಹುದು. ನೀರು ಕೆಂಪಗೆ ರಭಸವಾಗಿದ್ದರೆ ಕಾಯಿರಿ. ಇಂಥ ಹಳ್ಳ ಏರಿದಷ್ಟೇ ಬೇಗ ಇಳಿಯುವುದೂ ಉಂಟು.

ಇಂಬಳ

ನಮಗೆ ಜಿಗಳೆ ಅಂದರೆ ಕೆರೆಯೊಳಗಿನದು. ಇಲ್ಲಿ ಅದು ನೆಲದ ಮೇಲೆ, ಎಲೆಯ ತುದಿಯಲ್ಲಿ ನಿಂತು ಕಾಯುತ್ತದೆ. ಮಲೆನಾಡಿನವರು ಇಂಬಳ ಅನ್ನುತ್ತಾರೆ, ಕೆಲವರು ಉಂಬಳ. ಕಚ್ಚಿದ್ದು ತಿಳಿಯುವುದಿಲ್ಲ, ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ ಬಿಟ್ಟ ಮೇಲೂ ಬಹಳ ಹೊತ್ತು ಸೋರುತ್ತದೆ. ನೋಡಲು ಭಯ, ಅಪಾಯ ಅಷ್ಟಿಲ್ಲ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಬೂಟಿನ ಮೇಲೆ ಬೇವಿನ ಎಣ್ಣೆ ಅಥವಾ ತಂಬಾಕು ಪುಡಿ ಸವರಿ. ಹತ್ತಿದ್ದನ್ನು ಜಗ್ಗಿ ಕೀಳಬೇಡಿ. ಬಾಯಿ ಕಚ್ಚಿದ ಕಡೆ ಉಗುರು ತೂರಿಸಿ ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ಗಾಯ ತೊಳೆದು ಒತ್ತಿ ಕಟ್ಟಿ. ತಂಬಾಕಿನ ವಿಷಯದಲ್ಲಿ ನಮ್ಮ ಕಡೆಯವರ ಕಿಸೆ ಎಂದೂ ಖಾಲಿ ಇರುವುದಿಲ್ಲ. ಅದು ಜೀವಮಾನದಲ್ಲಿ ಒಮ್ಮೆಯಾದರೂ ಒಳ್ಳೆಯದಕ್ಕೆ ಬರುವ ಜಾಗ ಇದೊಂದೇ.

ಮರುದಿನ

ಚಾರಣದ ಸಂಜೆಯೇ ಊರಿಗೆ ಹೊರಡಬೇಡಿ. ದಣಿದ ಡ್ರೈವರ್, ಘಟ್ಟದ ತಿರುವು, ರಾತ್ರಿ ಮಂಜು ಮೂರೂ ಸೇರಬಾರದು. ಬಿಸಿನೀರು ಸ್ನಾನ ಮಾಡಿ ಮಲಗಿ. ಬೆಳಿಗ್ಗೆ ಮೆಟ್ಟಿಲಿಳಿಯಲು ಹಿಂದುಮುಂದಾಗಿ ಪರದಾಡುವ ಗೆಳೆಯರನ್ನು ನೋಡಿ ನಕ್ಕು, ಕಳಸದಿಂದ ಎಂಟು ಕಿಲೋಮೀಟರ್ ಇರುವ ಹೊರನಾಡಿಗೆ ಹೋಗಿ ಅನ್ನಪೂರ್ಣೇಶ್ವರಿಯ ಪ್ರಸಾದದ ಊಟ ಮಾಡಿ. ಮಳೆಗಾಲವಾದರೆ ಮೊದಲು ಹೆಬ್ಬಾಳೆ ಸೇತುವೆ ತೆರೆದಿದೆಯೇ ಎಂದು ಕೇಳಿಕೊಳ್ಳಿ, ಭದ್ರೆ ಉಕ್ಕಿದರೆ ಅದು ಮುಳುಗುತ್ತದೆ.

ಮನೆಗೆ ಬಂದ ಮೇಲೆ ಚೀಲವನ್ನು ಹೊರಗೇ ಕೊಡವಿ. ಒಂದು ಸಲ ನನ್ನ ಚೀಲದ ಮಡಿಕೆಯಲ್ಲಿ ಕೂತು ಒಂದು ಇಂಬಳ ಹುಬ್ಬಳ್ಳಿಯ ವಿದ್ಯಾನಗರದವರೆಗೆ ಬಂದಿತ್ತು. ಬೂಟಿನ ಒಳಗೆ ಹಳೇ ಪೇಪರ್ ತುರುಕಿ ಮಾಳಿಗೆ ಮೇಲಿಡಿ, ಪೇಪರನ್ನು ಎರಡು ಸಲ ಬದಲಿಸಿ. ಕಳಸದಲ್ಲಿ ವಾರವಾದರೂ ಒಣಗದ ಬೂಟು ನಮ್ಮ ಬಿಸಿಲಿಗೆ ಸಂಜೆಯೊಳಗೆ ಗಟಗಟಿ ಒಣಗುತ್ತದೆ.